ಬತ್ತಿದ ಹಸುವಿನ ಖರ್ಚು ಯಾರ ಹೆಗಲಿಗೆ? ದುರ್ಗ, ದಾವಣಗೆರೆ ಸೀಮೆಯ ದನಗಾರರ ಚರ್ಚೆ

ಹಿರಿಯೂರಿನ ಹೈನುಗಾರ:

ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಈ ಬಗ್ಗೆ ಮಾತಿಗೇನೂ ಬರವಿರಲಿಲ್ಲ. ಆದರೆ ಆ ಮಾತೆಲ್ಲ ಮಾಂಸ ತಿನ್ನುವವರು ಮತ್ತು ತಿನ್ನಬಾರದೆನ್ನುವವರ ನಡುವೆಯೇ ಮುಗಿದುಹೋಯಿತು. ದನ ಕಟ್ಟುವವನನ್ನು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಗೋಮಾಂಸ ತಿನ್ನುವವರಿಲ್ಲ. ದೀಪಾವಳಿಯ ದಿನ ಕೊಟ್ಟಿಗೆಯ ಪೂಜೆಯಾಗದೆ ನಾವು ಊಟಕ್ಕೆ ಕೂರುವವರಲ್ಲ. ಆದರೂ ಮುದಿ ದನದ ವ್ಯಾಪಾರ ನಿಂತದ್ದರಿಂದ ನಮ್ಮಂಥವರ ಹೈನುಗಾರಿಕೆಯ ಲೆಕ್ಕ ಹೇಗೆ ತಲೆಕೆಳಗಾಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿದೆ.

ಸೀಮೆ ಹಸು ನಮ್ಮ ಕಡೆ ನಾಲ್ಕೈದು ಸೂಲು ಚೆನ್ನಾಗಿ ಹಾಲು ಕೊಡುತ್ತದೆ. ಆಮೇಲೆ ಗಬ್ಬ ನಿಲ್ಲುವುದು ತಡವಾಗುತ್ತದೆ, ಕೆಚ್ಚಲು ಬಾವು ಬಂದು ಒಂದೆರಡು ಮೊಲೆ ಕೆಡುತ್ತವೆ, ಎಂಟು ಹತ್ತು ವರ್ಷದ ಹೊತ್ತಿಗೆ ಹಾಲಿನ ದುಡ್ಡು ಹಿಂಡಿ ಬೂಸಕ್ಕೂ ಸಾಲದಾಗುತ್ತದೆ. ಹಸುವಿನ ಆಯುಷ್ಯ ಅಲ್ಲಿಗೆ ಮುಗಿಯುವುದಿಲ್ಲ. ಅದು ಇನ್ನೂ ಎಂಟು ಹತ್ತು ವರ್ಷ ಬದುಕಬಲ್ಲದು. ಹಿಂದೆ ಅಂಥ ಹಸುವನ್ನು ಸಂತೆಗೆ ಹೊಡೆದರೆ 20ರಿಂದ 25 ಸಾವಿರ ರೂಪಾಯಿ ಕೈಗೆ ಬರುತ್ತಿತ್ತು. ಅದಕ್ಕೆ 40-50 ಸಾವಿರ ಸೇರಿಸಿ, ಸೊಸೈಟಿ ಸಾಲ ಮಾಡಿಯೋ ಮನೆಯವರ ಒಡವೆ ಅಡವಿಟ್ಟೋ, ಎರಡನೆಯ ಸೂಲಿನ ಹಸು ತರುತ್ತಿದ್ದೆವು. ಹೊಸ ಹಸುವಿನ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ಹಳೆಯ ಹಸುವೇ ಕೊಟ್ಟು ಹೋಗುತ್ತಿತ್ತು. ಕೇಳುವವರಿಗೆ ಇದು ಕಠೋರವೆನಿಸಬಹುದು. ಆದರೆ ಎರಡು ಹಸುವಿನ ಸಂಸಾರಗಳು ವರ್ಷಾನುಗಟ್ಟಲೆ ಡೇರಿಗೆ ಹಾಲು ಹಾಕಿಕೊಂಡು ಬಂದದ್ದು ಈ ತಿರುಗುವ ದುಡ್ಡಿನಿಂದಲೇ.

ಆ ಹಣ ಬಾರದೆ ಹೋದದ್ದು ನಷ್ಟದ ಒಂದು ಭಾಗ ಮಾತ್ರ. ಬತ್ತಿದ ಹಸುವಿಗೂ ದಿನಕ್ಕೆ ಐದಾರು ಕೆ.ಜಿ. ಒಣ ಮೇವು ಬೇಕು, ಜೊತೆಗೆ ಒಂದಿಷ್ಟು ಹಸಿ ಮೇವು, ನೀರು, ಕಾಯಿಲೆ ಬಂದಾಗ ಔಷಧಿ. ಮಳೆ ಚೆನ್ನಾದ ವರ್ಷದಲ್ಲಿಯೂ ನಮ್ಮ ಕಡೆ ದಿನಕ್ಕೆ 70 ರೂಪಾಯಿಗೆ ಕಡಿಮೆಯಿಲ್ಲದಂತೆ ಖರ್ಚಾಗುತ್ತದೆ, ಅಂದರೆ ವರ್ಷಕ್ಕೆ 25 ಸಾವಿರ. ಒಂದು ಹಸುವಿನ ಹಾಲಿನಲ್ಲಿ ಮನೆ ನಡೆಸುವವನು ಇನ್ನೊಂದು ಹಸುವಿಗೆ ಅಷ್ಟು ವರ್ಷ ಕೂಡಿಸಿ ಮೇವು ಹಾಕುವುದೆಂದರೆ ಏನೆಂದು ಯೋಚಿಸಿ ನೋಡಿ.

ದನವನ್ನು ಅದರ ಕೊನೆಯುಸಿರಿನವರೆಗೆ ಸಾಕಬೇಕೆಂದು ಇಡೀ ಸಮಾಜ ತೀರ್ಮಾನಿಸಿದೆ ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ಆ ತೀರ್ಮಾನದ ಖರ್ಚನ್ನು ಎರಡು ಹಸುವಿನ ರೈತನೊಬ್ಬನೇ ಏಕೆ ಹೊರಬೇಕು?

ಗೋಸೇವಕ, ದಾವಣಗೆರೆ:

ಅಣ್ಣನವರೇ, ನಿಮ್ಮ ಕಷ್ಟವನ್ನು ಹಗುರವಾಗಿ ಕಾಣುವವನು ನಾನಲ್ಲ. ನಮ್ಮ ತಂದೆಯವರೂ ಬೇಸಾಯಗಾರರೇ. ಆದರೆ ಹತ್ತು ವರ್ಷ ಹಾಲು ಕೊಟ್ಟು ಮಕ್ಕಳನ್ನು ಬೆಳೆಸಿದ ಹಸುವನ್ನು ಹಾಲು ಬತ್ತಿದ ಮಾತ್ರಕ್ಕೆ ನಷ್ಟದ ಬಾಬತ್ತಿಗೆ ಬರೆಯುವುದನ್ನು ನಾನು ಒಪ್ಪಲಾರೆ. ಸಗಣಿ ಮತ್ತು ಗಂಜಲಕ್ಕೂ ಬೆಲೆಯಿದೆ. 2005ರಲ್ಲಿ ಗುಜರಾತಿನ ಕಾಯ್ದೆಯನ್ನು ಎತ್ತಿಹಿಡಿದಾಗ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿದ್ದೂ ಇದನ್ನೇ: ಉಳುಮೆಗೆ, ಹಾಲಿಗೆ ಬಾರದ ದನವೂ ಗೊಬ್ಬರ ಕೊಡುತ್ತದೆ, ಆದ್ದರಿಂದ ಅದು ನಿರುಪಯೋಗಿಯಲ್ಲ. ಸಂವಿಧಾನದ 48ನೆಯ ವಿಧಿಯೂ ಗೋಸಂರಕ್ಷಣೆಯನ್ನು ರಾಜ್ಯದ ಕರ್ತವ್ಯವೆಂದೇ ಹೇಳುತ್ತದೆ. 2022ರ ಜುಲೈನಲ್ಲಿ ಪುಣ್ಯಕೋಟಿ ದತ್ತು ಯೋಜನೆ ಬಂದಿತು. ವರ್ಷಕ್ಕೆ 11 ಸಾವಿರ ರೂಪಾಯಿ ಕೊಟ್ಟು ಯಾರು ಬೇಕಾದರೂ ಗೋಶಾಲೆಯ ಒಂದು ಹಸುವನ್ನು ದತ್ತು ಪಡೆಯಬಹುದು. ಇಂಥ ದಾರಿಗಳನ್ನು ಬಲಪಡಿಸುವುದನ್ನು ಬಿಟ್ಟು ಹಳೆಯ ಸಂತೆಯನ್ನೇ ನೆನೆಯುವುದು ಸರಿಯೇ?

ಚನ್ನಗಿರಿಯ ತೋಟದವರು:

ಗೊಬ್ಬರದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಅಡಿಕೆ ಬೆಳೆಯುವವನು, ಕೊಟ್ಟಿಗೆ ಗೊಬ್ಬರವನ್ನು ಪ್ರತಿವರ್ಷ ದುಡ್ಡು ಕೊಟ್ಟು ಕೊಳ್ಳುವವನು. ಚನ್ನಗಿರಿ, ಹೊಳಲ್ಕೆರೆ ಕಡೆಯ ತೋಟದವರು ಜಗಳೂರು, ಚಳ್ಳಕೆರೆಯವರೆಗೂ ಟ್ರ್ಯಾಕ್ಟರ್ ಕಳುಹಿಸಿ ತಿಪ್ಪೆ ಕೊಂಡು ತರುವುದುಂಟು. ಆದ್ದರಿಂದ ಗೊಬ್ಬರಕ್ಕೆ ಬೆಲೆಯಿಲ್ಲವೆಂದು ನಾನು ಹೇಳುವುದಿಲ್ಲ.

ಆದರೆ ಲೆಕ್ಕ ನೋಡೋಣ. ಒಂದು ದನ ದಿನಕ್ಕೆ 10 ಕೆ.ಜಿ. ಸಗಣಿ ಹಾಕುತ್ತದೆ ಎಂದುಕೊಂಡರೆ ವರ್ಷಕ್ಕೆ ಮೂರೂವರೆ ಟನ್ ಆಯಿತು. ಅದು ತಿಪ್ಪೆಯಲ್ಲಿ ಕಳಿತು ಒಣಗುವ ಹೊತ್ತಿಗೆ ಅರ್ಧಕ್ಕೂ ಕಡಿಮೆಯಾಗುತ್ತದೆ. ಅದರಿಂದ ಒಂದು ಟ್ರೈಲರ್ ಲೋಡು ತುಂಬಿದರೆ ಹೆಚ್ಚು. ನಾನು ಲೋಡಿಗೆ ಕೊಡುವುದು ನಾಲ್ಕೈದು ಸಾವಿರ, ಅದರಲ್ಲಿ ಬಾಡಿಗೆಯೂ ಸೇರಿದೆ. ದನದ ಒಡೆಯನಿಗೆ ಉಳಿಯುವುದು ಎರಡು ಮೂರು ಸಾವಿರ. ಹಿರಿಯೂರಿನವರು ಹೇಳಿದ 25 ಸಾವಿರದ ಮೇವಿನ ಮುಂದೆ ಇದು ಯಾವ ಮೂಲೆಗೆ? ಹೊಲ, ತೋಟ ಇದ್ದವನಿಗೆ ಗೊಬ್ಬರ ಲಾಭವೇ ಹೌದು. ಗುತ್ತಿಗೆ ಭೂಮಿಯಲ್ಲಿ ದನ ಕಟ್ಟಿದವನಿಗೆ, ಭೂಮಿಯೇ ಇಲ್ಲದವನಿಗೆ, ಗಂಜಲ ಮಣ್ಣಿನಲ್ಲಿ ಇಂಗಿಹೋಗುವ ಮಣ್ಣುನೆಲದ ಕೊಟ್ಟಿಗೆಯವನಿಗೆ ಅಲ್ಲ. ಗೋಸೇವಕರು ಹೇಳಿದ 11 ಸಾವಿರವನ್ನೇ ದಿನಕ್ಕೆ ಹಂಚಿದರೆ 30 ರೂಪಾಯಿ. ದತ್ತು ಯೋಜನೆಯ ದರದಲ್ಲಿಯೇ ದಿನಕ್ಕೆ 30 ರೂಪಾಯಿ ಬೇಕೆಂದು ಒಪ್ಪಿಕೊಂಡಂತಾಯಿತು. ಆ ಹಣವೂ ಹೋಗುವುದು ಗೋಶಾಲೆಗೆ, ರೈತನ ಕೊಟ್ಟಿಗೆಗೆ ಅಲ್ಲ.

ಕಾನೂನು ಓದುಗ, ಚಿತ್ರದುರ್ಗ:

ಚರ್ಚೆ ಮುಂದುವರಿಯುವ ಮೊದಲು ಕಾಯ್ದೆಯಲ್ಲಿ ಏನಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಸಂತೆಯಲ್ಲಿ ಹರಡಿರುವ ಅರ್ಧಂಬರ್ಧ ಮಾಹಿತಿಯಿಂದಲೂ ರೈತರಿಗೆ ನಷ್ಟವಾಗುತ್ತಿದೆ.

ಹಸು ಮತ್ತು ಕರುವಿನ ವಧೆ ನಮ್ಮ ರಾಜ್ಯದಲ್ಲಿ 2021ರಲ್ಲಿ ಹೊಸದಾಗಿ ನಿಷೇಧವಾದದ್ದಲ್ಲ. 1964ರ ಕಾಯ್ದೆಯಲ್ಲಿಯೇ ಅದು ನಿಷಿದ್ಧವಾಗಿತ್ತು. ಆದರೆ ಆ ಕಾಯ್ದೆಯ ಪ್ರಕಾರ 12 ವರ್ಷ ಮೀರಿದ, ಅಥವಾ ಉಳುಮೆಗೆ, ಸಂತಾನಕ್ಕೆ, ಹಾಲಿಗೆ ಶಾಶ್ವತವಾಗಿ ಬಾರದಂತಾದ ಎತ್ತು, ಹೋರಿ, ಎಮ್ಮೆ, ಕೋಣಗಳಿಗೆ ಅಧಿಕಾರಿಯ ಪ್ರಮಾಣಪತ್ರ ಪಡೆದು ವಧೆಗೆ ಅವಕಾಶವಿತ್ತು. ತಪ್ಪಿದರೆ ಶಿಕ್ಷೆ ಗರಿಷ್ಠ ಆರು ತಿಂಗಳ ಸೆರೆ ಅಥವಾ ಸಾವಿರ ರೂಪಾಯಿ ದಂಡ. 2010ರಲ್ಲಿ ಕಠಿಣವಾದ ಮಸೂದೆಯೊಂದು ವಿಧಾನಮಂಡಲದಲ್ಲಿ ಅಂಗೀಕಾರವಾದರೂ ರಾಷ್ಟ್ರಪತಿಗಳ ಅಂಕಿತ ಸಿಗದೆ ಉಳಿಯಿತು, 2013ರಲ್ಲಿ ಸರ್ಕಾರ ಬದಲಾದಾಗ ಅದನ್ನು ಹಿಂತೆಗೆದುಕೊಳ್ಳಲಾಯಿತು. ಈಗಿನ ಕಾಯ್ದೆಯಲ್ಲಿ ಎತ್ತು, ಹೋರಿಗಳೂ ಯಾವ ವಯಸ್ಸಿನವಾದರೂ ನಿಷೇಧದೊಳಗೆ ಬಂದಿವೆ. 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ ವಿನಾಯಿತಿ. ವಧೆಗೆ ಮೂರರಿಂದ ಏಳು ವರ್ಷ ಸೆರೆ, ಒಂದೊಂದು ಜಾನುವಾರಿಗೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ. ವಧೆಗೆ ಹೋಗುತ್ತದೆಂದು ತಿಳಿದು ಮಾರುವುದೂ ಅಪರಾಧ. ಹಿಂದೆ ರೈತನಿಗೆ ಸಂತೆಯಲ್ಲಿ ಹಗ್ಗ ಕೈಬಿಟ್ಟ ಮೇಲೆ ಚಿಂತೆಯಿರುತ್ತಿರಲಿಲ್ಲ. ಈಗ ಕೊಂಡವನು ಏನು ಮಾಡುತ್ತಾನೆಂಬ ಭಯ ಮಾರಿದವನ ಮನೆಯವರೆಗೂ ಬರುತ್ತದೆ.

ಇನ್ನೊಂದು ಮಾತು. 2017ರ ಮೇ 23ರಂದು ಕೇಂದ್ರ ಸರ್ಕಾರ ಜಾನುವಾರು ಮಾರುಕಟ್ಟೆಗಳಲ್ಲಿ ವಧೆಗಾಗಿ ಮಾರಾಟವನ್ನೇ ತಡೆಯುವ ನಿಯಮ ತಂದಾಗ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಒಂದೇ ವಾರದಲ್ಲಿ ತಡೆ ಕೊಟ್ಟಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ಇಡೀ ದೇಶಕ್ಕೆ ವಿಸ್ತರಿಸಿತು. ಆ ನಿಯಮ ಇನ್ನೂ ಜಾರಿಯಲ್ಲಿದೆಯೆಂದು ಹೆದರಿಸುವವರ ಮಾತಿಗೆ ಬೀಳಬೇಡಿ. ದೇಶದಿಂದ ರಫ್ತಾಗುವ ಗೋಮಾಂಸದಲ್ಲಿ ನಮ್ಮ ಪಾಲಿದೆಯೆಂಬ ಮಾತೂ ಸುಳ್ಳು. ಹಸು, ಎತ್ತಿನ ಮಾಂಸದ ರಫ್ತಿಗೆ ದೇಶದಲ್ಲಿ ಅವಕಾಶವೇ ಇಲ್ಲ. ಹೊರದೇಶಕ್ಕೆ ಹೋಗುವುದು ಎಮ್ಮೆ, ಕೋಣದ ಮಾಂಸ.

ಹರಿಹರದ ದನದ ವ್ಯಾಪಾರಿ:

ಮೂರು ತಲೆಮಾರಿನಿಂದ ದನದ ದಲ್ಲಾಳಿ ಕೆಲಸ ಮಾಡಿಕೊಂಡು ಬಂದ ಮನೆಯವನು ನಾನು. ನಮ್ಮನ್ನು ಕಟುಕರ ಏಜೆಂಟರೆಂದು ಕರೆಯುವುದು ಈಗ ವಾಡಿಕೆಯಾಗಿದೆ, ಆದ್ದರಿಂದ ನಮ್ಮ ಕೆಲಸ ಏನಾಗಿತ್ತೆಂದು ತಿಳಿಸುವುದು ಅವಶ್ಯ.

ನಾವು ಕೈಗೆತ್ತಿಕೊಂಡ ದನಗಳಲ್ಲಿ ಬಹುಪಾಲು ಒಂದು ಕೊಟ್ಟಿಗೆಯಿಂದ ಇನ್ನೊಂದು ಕೊಟ್ಟಿಗೆಗೆ ಹೋಗುತ್ತಿದ್ದವು. ಮುಂಗಾರು ಹತ್ತಿರವಾದಾಗ ಕಪ್ಪುಮಣ್ಣಿನ ಊರುಗಳ ರೈತ ಬಾಯಿಗೂಡಿದ, ಅಂದರೆ ಹಲ್ಲೆಲ್ಲ ಬಂದ, ಗಟ್ಟಿಯಾದ ಎತ್ತು ಕೇಳುತ್ತಿದ್ದ. ಆ ಎತ್ತು ನಾಲ್ಕೈದು ವರ್ಷ ದುಡಿದು ಸುಸ್ತಾದ ಮೇಲೆ ಮಸಾರಿ ಅಂದರೆ ಕೆಂಪು ಮಣ್ಣಿನ ಭೂಮಿಯ, ಕಡಿಮೆ ಹೊಲದ ರೈತ ಅದನ್ನೇ ಕಡಿಮೆ ಬೆಲೆಗೆ ಕೊಳ್ಳುತ್ತಿದ್ದ. ಅವನ ಎರಡೆಕರೆಗೆ ಅದು ಸಾಕಾಗುತ್ತಿತ್ತು. ಅಲ್ಲಿಂದ ಅದು ಗಾಡಿ ಹೊಡೆಯುವವನ ಬಳಿಗೆ ಹೋಗುತ್ತಿತ್ತು. ಎಲ್ಲ ಮುಗಿದ ಮೇಲಷ್ಟೇ ಕೊನೆಯ ಗಿರಾಕಿ. ಒಂದೊಂದು ಹಂತದಲ್ಲಿಯೂ ಹಳೆಯದನ್ನು ಕೊಟ್ಟು, ಮೇಲೆ ಹಣ ಹಾಕಿ, ಎಳೆಯದನ್ನು ಹಿಡಿಯುವ ಅದಲುಬದಲು ನಡೆಯುತ್ತಿತ್ತು. ಕೊನೆಯ ಗಿರಾಕಿ ಇಲ್ಲವಾದಾಗ ನಡುವಿನ ಬೆಲೆಗಳೆಲ್ಲ ಕುಸಿದವು. ಗಾಡಿ ಹೊಡೆಯುವವನು ಮುದಿ ಎತ್ತನ್ನು ಮುಂದೆ ಯಾರಿಗೂ ದಾಟಿಸಲಾರ, ಆದ್ದರಿಂದ ಅವನು ಮಸಾರಿಯವನ ಎತ್ತಿಗೆ ಬೆಲೆ ಕಟ್ಟಲಾರ. ಮಸಾರಿಯವನು ಕಪ್ಪುಮಣ್ಣಿನವನಿಗೆ ಅದೇ ಮಾತು ಹೇಳುತ್ತಾನೆ. ಎಳೆಯ ಜೋಡೆತ್ತನ್ನು ಮುತುವರ್ಜಿಯಿಂದ ಬೆಳೆಸಿ ತಂದವನಿಗೂ ಇದರ ಬಿಸಿ ತಟ್ಟಿದೆ.

ಸಂತೆಯಲ್ಲಿ ನಾವು ಟವೆಲ್ಲಿನ ಅಡಿಯಲ್ಲಿ ಕೈ ಹಿಡಿದು ಬೆರಳ ಮೇಲೆ ಬೆಲೆ ಹೇಳುವುದನ್ನು ನೋಡಿದ್ದೀರಿ. ಈಗ ಮುದಿ ದನ ಹಿಡಿದು ನಿಂತವನ ಬಳಿಗೆ ಟವೆಲ್ ಹೊದೆಸಿಕೊಂಡು ಹೋಗುವವರೇ ಇಲ್ಲ. ಬಿಸಿಲೇರುವವರೆಗೆ ನಿಂತು, ಸುಂಕ ಕಟ್ಟಿದ್ದು ದಂಡವಾಗಿ, ಹೋಗುವ ಬಾಡಿಗೆಯ ಮೇಲೆ ಬರುವ ಬಾಡಿಗೆಯನ್ನೂ ಕೊಟ್ಟು ದನವನ್ನು ಮನೆಗೆ ವಾಪಸು ಹೊಡೆಯುತ್ತಾರೆ. ಒಬ್ಬ ಹಿರಿಯರು ಹಗ್ಗವನ್ನು ನನ್ನ ಕೈಗಿಟ್ಟು, ಕೊಟ್ಟಷ್ಟು ಕೊಡಿ ಎಂದು ಮುಖ ತಿರುಗಿಸಿ ನಿಂತಿದ್ದರು. ನಾನು ಹಗ್ಗವನ್ನು ಅವರ ಕೈಗೇ ಹಿಂದಿರುಗಿಸಬೇಕಾಯಿತು, ಏಕೆಂದರೆ ಕೊಂಡು ನಾನೇನು ಮಾಡಲಿ?

ಸಾಗಣೆಯ ಕಷ್ಟ ಬೇರೆಯೇ ಇದೆ. 1978ರ ಸಾಗಣೆ ನಿಯಮದಂತೆ ಲಾರಿಯೊಂದರಲ್ಲಿ ಆರು ದನಕ್ಕಿಂತ ಹೆಚ್ಚು ಹಾಕುವಂತಿಲ್ಲ. ಅದು ಸರಿಯಾದ ನಿಯಮ. ಕಾಲು ಮಡಚಿ ಒತ್ತೊತ್ತಾಗಿ ತುಂಬುವುದನ್ನು ನಾನೂ ವಿರೋಧಿಸುತ್ತೇನೆ. ಆದರೆ ಸಾಕಲಿಕ್ಕೆಂದೇ ಗಬ್ಬದ ಹಸು ಸಾಗಿಸುವಾಗಲೂ, ಎಲ್ಲ ಕಾಗದ ಕೈಯಲ್ಲಿದ್ದರೂ, ರಾತ್ರಿ ಹೊತ್ತು ದಾರಿಯಲ್ಲಿ ಅಡ್ಡ ನಿಲ್ಲುವ ಗುಂಪಿಗೆ ಆ ಕಾಗದ ಓದುವ ತಾಳ್ಮೆಯಿರುವುದಿಲ್ಲ. 2023ರ ಮಾರ್ಚ್ ಕೊನೆಯಲ್ಲಿ ರಾಮನಗರ ಜಿಲ್ಲೆಯ ಸಾತನೂರಿನ ಬಳಿ ದನದ ಗಾಡಿ ತಡೆದ ಮೇಲೆ ವ್ಯಾಪಾರಿಯೊಬ್ಬರು ಶವವಾಗಿ ಸಿಕ್ಕಿದ್ದನ್ನು ನಮ್ಮ ಡ್ರೈವರುಗಳು ಮರೆತಿಲ್ಲ. ಬಾಡಿಗೆ ಕೇಳಿದರೆ ಎರಡು ಪಟ್ಟು ಹೇಳುತ್ತಾರೆ, ಅಥವಾ ಬರುವುದೇ ಇಲ್ಲ ಎನ್ನುತ್ತಾರೆ. ಆ ಹೆಚ್ಚಿನ ಬಾಡಿಗೆ ಕೊನೆಗೆ ಕಡಿತವಾಗುವುದು ರೈತನ ಬೆಲೆಯಲ್ಲಿಯೇ.

ಹಾಲಿನ ಸಂಘದ ಕಾರ್ಯದರ್ಶಿ, ಜಗಳೂರು ತಾಲ್ಲೂಕು:

ನಾನು ಮಹಿಳಾ ಸಂಘದಲ್ಲಿ ಹಾಲು ಅಳೆಯುವವಳು. ಇಲ್ಲಿ ಮಾತನಾಡುತ್ತಿರುವ ಅಣ್ಣಂದಿರು ಎರಡು ಹಸುವಿನ ರೈತನ ಬಗ್ಗೆ ಹೇಳಿದಿರಿ. ನಮ್ಮ ಸಂಘಕ್ಕೆ ಹಾಲು ಹಾಕುವ ಹೆಂಗಸರಲ್ಲಿ ಹಲವರಿಗೆ ಇರುವುದು ಒಂದೇ ಹಸು. ಅವರಿಗೆ ಜಮೀನಿಲ್ಲ, ಬದುವಿನ ಹುಲ್ಲು ಕೊಯ್ದು, ಮೆಕ್ಕೆಜೋಳದ ಸಪ್ಪೆ ಬೇಡಿ ತಂದು ಸಾಕುತ್ತಾರೆ. ಆ ಒಂದು ಹಸು ಬತ್ತಿದರೆ ಬಟವಾಡೆಯ ಚೀಟಿಯಲ್ಲಿ ಅವರ ಹೆಸರೇ ಇರುವುದಿಲ್ಲ. ಮೊದಲಾದರೆ ಅದನ್ನು ಮಾರಿ, ಸ್ವಸಹಾಯ ಗುಂಪಿನಲ್ಲಿ ಸಾಲ ಎತ್ತಿ, ಮೂರು ತಿಂಗಳೊಳಗೆ ಮತ್ತೆ ಕ್ಯಾನು ಹಿಡಿದು ಬರುತ್ತಿದ್ದರು. ಈಗ ಬಾರದೆ ಹೋದವರು ಹಾಗೆಯೇ ಹೋಗಿದ್ದಾರೆ. ಕೆಲವರು ಬೆಂಗಳೂರಿಗೆ ಮನೆಗೆಲಸಕ್ಕೆ ಹೋದರು.

ಹೋರಿ ಕರುವಿನ ವಿಷಯವನ್ನು ಯಾರೂ ಎತ್ತಲಿಲ್ಲ. ಸೀಮೆ ಹಸುವಿನ ಹೋರಿ ಕರು ನೊಗಕ್ಕೆ ಬಾರದು. ಅದಕ್ಕೆ ಹಿಣಿಲು ಇಲ್ಲ, ನಮ್ಮ ಬಿಸಿಲು ತಾಳುವುದಿಲ್ಲ, ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಹುಟ್ಟಿದ್ದು ಹೋರಿ ಎಂದು ತಿಳಿದ ಕೂಡಲೇ ಅದರ ಪಾಲಿನ ಹಾಲು ಕಡಿಮೆಯಾಗುತ್ತದೆ. ಕಣ್ಣಿ ಹಗ್ಗಕ್ಕೆ ಕಟ್ಟಿದ ಕರು ಒಣಗಿದ ಮೂತಿಯಿಂದ ತಾಯಿಯ ಕಡೆಗೆ ಎಳೆಯುತ್ತ ನಿಲ್ಲುವುದನ್ನು, ಹದಿನೈದು ದಿನಕ್ಕೆ ಆ ಕಣ್ಣಿ ಖಾಲಿಯಾಗುವುದನ್ನು ಹಾಲು ಅಳೆಯಲು ಹೋಗುವ ನಾವು ನೋಡುತ್ತೇವೆ. ಯಾರನ್ನೂ ಬೈಯಲು ನನಗೆ ಮನಸ್ಸಿಲ್ಲ. ಆ ಲೀಟರು ಹಾಲಿನಲ್ಲಿಯೇ ಮಗಳ ಕಾಲೇಜಿನ ಬಸ್ ಪಾಸು ಇದೆ.

ಹೆದ್ದಾರಿಯ ಬದಿಯಲ್ಲಿ, ದಾವಣಗೆರೆಯ ಸರ್ವಿಸ್ ರಸ್ತೆಯಲ್ಲಿ ರಾತ್ರಿ ಮಲಗುವ ಬೀಡಾಡಿ ದನಗಳ ಕಿವಿಯನ್ನು ಒಮ್ಮೆ ಗಮನಿಸಿ. ಪಶು ಇಲಾಖೆಯವರು ಹಾಕುವ 12 ಅಂಕಿಯ ಹಳದಿ ಓಲೆ ಕೆಲವು ಕಿವಿಗಳಲ್ಲಿ ಇರುವುದಿಲ್ಲ. ಓಲೆ ಇದ್ದ ಜಾಗದಲ್ಲಿ ಕಿವಿ ಹರಿದಿರುತ್ತದೆ. ಸಾಕಿದವರೇ ಕತ್ತರಿಸಿ ಬಿಟ್ಟು ಹೋದದ್ದು ಅದು. 2019ರ ಜಾನುವಾರು ಗಣತಿಯಲ್ಲಿಯೇ ದೇಶದಲ್ಲಿ 50 ಲಕ್ಷ ಬೀಡಾಡಿ ದನಗಳಿದ್ದವು. ಮಾರುವುದು ಅಪರಾಧವಾಗಿ, ರಾತ್ರಿಯಲ್ಲಿ ಬಿಟ್ಟು ಬರುವುದು ಉಳಿದ ದಾರಿಯಾದರೆ ಆ ದನಕ್ಕೆ ಯಾವ ರಕ್ಷಣೆ ಸಿಕ್ಕಿತು? ಅದು ಪ್ಲಾಸ್ಟಿಕ್ ತಿಂದು ಹೊಟ್ಟೆಯುಬ್ಬಿ ಸಾಯುತ್ತದೆ, ಇಲ್ಲವೆ ಬೈಕಿನವನೊಬ್ಬನನ್ನು ಜೊತೆಗೆ ಕರೆದುಕೊಂಡು ಸಾಯುತ್ತದೆ.

ಹಿರಿಯೂರಿನ ಹೈನುಗಾರ:

ಅಕ್ಕನವರು ಹೇಳಿದ್ದರ ಮುಂದೆ ನನ್ನ ಲೆಕ್ಕ ಸಣ್ಣದು. ಆದರೂ ಕಾಯ್ದೆಯ ಹೆಸರಿನಲ್ಲಿರುವ ಸಂರಕ್ಷಣೆ ಎಂಬುದಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳಬೇಕು.

2012ರ ಗಣತಿಯಲ್ಲಿ ಕರ್ನಾಟಕದಲ್ಲಿ 95 ಲಕ್ಷ ದನಗಳಿದ್ದವು, 2019ರಲ್ಲಿ ಅವು 85 ಲಕ್ಷದ ಆಸುಪಾಸಿಗೆ ಇಳಿದವು. ಎಮ್ಮೆಗಳು 34 ಲಕ್ಷ ಚಿಲ್ಲರೆಯಿಂದ 30 ಲಕ್ಷದೊಳಗೆ ಬಂದವು. ಈ ಇಳಿಕೆ 2021ರ ಕಾಯ್ದೆಗೆ ಮುಂಚಿನದು, ಅದನ್ನು ಕಾಯ್ದೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಟ್ರ್ಯಾಕ್ಟರ್, ಬರಗಾಲ, ಗೋಮಾಳದ ಒತ್ತುವರಿ, ದನ ಕಾಯಲು ಮಕ್ಕಳಿಲ್ಲದಿರುವುದು, ಹೀಗೆ ಕಾರಣಗಳು ಹಲವು. ನಾನು ಹೇಳುವುದಿಷ್ಟೇ: ದನ ಕಟ್ಟುವವರು ಮೊದಲೇ ಕಡಿಮೆಯಾಗುತ್ತಿದ್ದ ಕಾಲದಲ್ಲಿ, ಹೊಸದಾಗಿ ದನ ಕಟ್ಟಲು ಹೆದರುವಂತೆ ಮಾಡುವ ಕಾಯ್ದೆ ಬಂದಿತು. ನಮ್ಮೂರಿನ ಹುಡುಗರು ಈಗ ಸಾಲ ತೆಗೆದು ಕುರಿ ಮಾಡುತ್ತಿದ್ದಾರೆ. ಕುರಿಯನ್ನು ಯಾವಾಗ ಬೇಕಾದರೂ ಮಾರಬಹುದು, ಯಾರೂ ಗಾಡಿ ತಡೆಯುವುದಿಲ್ಲ, ಮುದಿ ಕುರಿಗೂ ಬೆಲೆಯಿದೆ. ಅವರನ್ನು ತಪ್ಪೆನ್ನಲಾರೆ. ಕೊನೆಗಾಲದಲ್ಲಿ ಕೈಬಿಡಿಸಿಕೊಳ್ಳಲಾಗದ ಪ್ರಾಣಿಯನ್ನು ಬುದ್ಧಿಯಿದ್ದವನು ಕೊಟ್ಟಿಗೆಗೆ ತರಲು ಹಿಂಜರಿಯುತ್ತಾನೆ.

2023ರಲ್ಲಿ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದಾಗ ನಮ್ಮ ಎರಡೂ ಜಿಲ್ಲೆಗಳು ಆ ಪಟ್ಟಿಯಲ್ಲಿದ್ದವು. ಹಿಂದಿನ ಬರಗಳಲ್ಲಿ ರೈತ ಒಂದೆರಡು ಮುದಿ ದನ ಮಾರಿ, ಬಂದ ದುಡ್ಡಿನಲ್ಲಿ ಶೇಂಗಾ ಹೊಟ್ಟು ಕೊಂಡು ಉಳಿದ ದನಗಳನ್ನು ಉಳಿಸಿಕೊಳ್ಳುತ್ತಿದ್ದ. ಆ ಬರದಲ್ಲಿ ಮುದಿ ದನಕ್ಕೆ ಗಿರಾಕಿಯಿಲ್ಲದೆ, ಹಾಲು ಕೊಡುವ ಹಸುವನ್ನೇ ಅರ್ಧ ಬೆಲೆಗೆ ಮಾರಿದವರನ್ನು ನಾನು ಬಲ್ಲೆ. ಮಾರಲು ಸಾಧ್ಯವಿದ್ದದ್ದು ಅದೊಂದೇ.

ಕಿಲಾರಿ ಮನೆತನದವನು, ಚಳ್ಳಕೆರೆ:

ನಾವು ಮ್ಯಾಸನಾಯಕರು, ದನ ಕಾಯುವ ಬುಡಕಟ್ಟಿನವರು. ನಮ್ಮ ಕಟ್ಟೆಮನೆಯ ದೇವರ ಎತ್ತುಗಳನ್ನು ನಾವು ಮಾರುವುದಿಲ್ಲ, ಉಳುವುದಿಲ್ಲ, ಅವು ದೇವರವು. ಕಾಯುವ ಕಿಲಾರಿ ಅವುಗಳ ಜೊತೆಯಲ್ಲಿಯೇ ಅಡವಿಯಲ್ಲಿರುತ್ತಾನೆ, ಸತ್ತರೆ ಮಣ್ಣು ಮಾಡುತ್ತಾನೆ. ಗೋರಕ್ಷಣೆಯ ಮಾತನ್ನು ನಮಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ಆದ್ದರಿಂದಲೇ ಕಡೆಗಾಲದವರೆಗೆ ದನ ಸಾಕಲು ಏನು ಬೇಕೆಂದು ಹೇಳುವ ಹಕ್ಕು ನಮಗಿದೆ ಎಂದುಕೊಂಡಿದ್ದೇನೆ.

ಅದಕ್ಕೆ ಬೇಕಾದದ್ದು ಅಡವಿ. ನಮ್ಮ ಹಿರಿಯರು ಮುದಿ ದನಕ್ಕೆ ಮೇವು ಕೊಂಡು ಹಾಕಿದವರಲ್ಲ. ಕಾವಲಿನಲ್ಲಿ, ಅಂದರೆ ದನ ಮೇಯಲೆಂದೇ ಮೀಸಲಿಟ್ಟ ಹುಲ್ಲುಗಾವಲಿನಲ್ಲಿ, ಅವು ತಾವೇ ಮೇಯ್ದು ಬದುಕಿದವು. ಆ ಅಮೃತಮಹಲ್ ಕಾವಲುಗಳಲ್ಲಿ, ನಮ್ಮ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಕಡೆಯ ಸುಮಾರು 10 ಸಾವಿರ ಎಕರೆಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಲಾಯಿತು. ಗೋಡೆ ಎದ್ದ ಮೇಲಷ್ಟೇ ನಮ್ಮವರಿಗೆ ವಿಷಯ ತಿಳಿದದ್ದು. ಹಸಿರು ನ್ಯಾಯಾಧಿಕರಣದವರೆಗೂ ವ್ಯಾಜ್ಯ ಹೋಯಿತು. ಗೋಡೆ ಉಳಿಯಿತು, ದಾರಿ ಮುಚ್ಚಿತು, ಕುರಿ ಮತ್ತು ದನ ಸುತ್ತು ಹಾಕಿ ಹೋಗಬೇಕಾಯಿತು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ಹುಲ್ಲುಗಾವಲು ಹೋದರೆ ದನಕ್ಕೆ ಉಳಿಯುವುದೇನು? ಬರ ಬಂದಾಗ ದೇವರ ಎತ್ತುಗಳಿಗೂ ಮೇವಿಲ್ಲದೆ, ಊರೂರಿನ ಭಕ್ತರ ಬಳಿ ಹುಲ್ಲು ಬೇಡಿ ಲಾರಿಯಲ್ಲಿ ತರಿಸಿ ಹಾಕಿದ್ದೇವೆ. ದೇವರ ಹೆಸರಿದ್ದುದರಿಂದ ಜನ ಕೊಟ್ಟರು. ರೈತನೊಬ್ಬನ ಬತ್ತಿದ ಹಸುವಿಗೆ ಯಾರು ಹಾಗೆ ಹುಲ್ಲು ಕೊಡುತ್ತಾರೆ?

ಒಂದು ಕೈಯಿಂದ ದನದ ಮೇವಿನ ನೆಲ ಕಿತ್ತುಕೊಂಡು, ಇನ್ನೊಂದು ಕೈಯಿಂದ ದನವನ್ನು ಮಾರಬೇಡ ಎಂದು ಸರ್ಕಾರ ಹೇಳುವುದನ್ನು ನಾನು ಒಪ್ಪಲಾರೆ. ಮಾರಬೇಡ ಎನ್ನುವುದಾದರೆ ಕಾವಲು ಬಿಡಿ, ಗೋಮಾಳದ ಒತ್ತುವರಿ ತೆರವು ಮಾಡಿ.

ಗೋಸೇವಕ, ದಾವಣಗೆರೆ:

ಕಿಲಾರಿ ಮನೆತನದವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ವಧೆಗೆ ಮಾರುವುದನ್ನು ಇಂದಿಗೂ ನಾನು ಒಪ್ಪುವುದಿಲ್ಲ. ಆದರೆ ನಾನು ಹೋಗಿಬರುವ ಗೋಶಾಲೆಯಲ್ಲಿ ಹೊಸ ದನ ಕಟ್ಟಲು ಜಾಗವಿಲ್ಲ, ದಾನಿಗಳಿಂದ ಬರುವ ಮೇವು ಬೇಸಿಗೆಯಲ್ಲಿ ಸಾಲುವುದಿಲ್ಲ, ವಾರಕ್ಕೆ ಒಬ್ಬರಾದರೂ ರೈತರು ಹಸು ಕರೆತಂದು ವಾಪಸಾಗುತ್ತಾರೆ. ಆದ್ದರಿಂದ ಸಾಕುವ ರೈತನಿಗೇ ನೇರವಾಗಿ ಹಣ ಸಿಗಬೇಕೆಂಬ ಬೇಡಿಕೆಗೆ ನಾನೂ ಸಹಿ ಹಾಕುತ್ತೇನೆ. ಹಸು ಅದನ್ನು ಬಲ್ಲ ಮನೆಯಲ್ಲಿಯೇ ಮುದಿಯಾಗುವುದು ಗೋಶಾಲೆಗಿಂತ ಎಷ್ಟೋ ಮೇಲು.

ನಿವೃತ್ತ ಪಶು ಪರಿವೀಕ್ಷಕ, ಹೊಳಲ್ಕೆರೆ:

ಸೇವೆಯಲ್ಲಿದ್ದಾಗ ಕಂಡ ಕೆಲವು ವಿಷಯಗಳನ್ನು ಸೇರಿಸುತ್ತೇನೆ.

ಮೊದಲನೆಯದು ವಿಮೆ. ಹಸುವಿನ ವಿಮೆ ಸಾಮಾನ್ಯವಾಗಿ ಎರಡು ವರ್ಷದಿಂದ ಹತ್ತು ವರ್ಷದವರೆಗೆ ಮಾತ್ರ. ಹತ್ತು ದಾಟಿದ ಹಸುವನ್ನು ವಿಮೆಯವರು ಮುಟ್ಟುವುದಿಲ್ಲ. ಮಾರಲು ಆಗದ, ವಿಮೆಯೂ ಇಲ್ಲದ ಹಸುವಿನ ಬೆಲೆ ಕಾಗದದಲ್ಲಿ ಸೊನ್ನೆ. ಬ್ಯಾಂಕಿನವರೂ ಅದನ್ನು ಆಸ್ತಿಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚರ್ಮಗಂಟು ರೋಗ ಬಂದ 2022ರಲ್ಲಿ ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ ಪರಿಹಾರವನ್ನು ಸರ್ಕಾರ ಕೊಟ್ಟಿತು. ಅಂದರೆ ದನಕ್ಕೆ ಬೆಲೆ ಕಟ್ಟಿ ರೈತನಿಗೆ ಹಣ ಮುಟ್ಟಿಸುವ ವ್ಯವಸ್ಥೆ ಸರ್ಕಾರದ ಬಳಿ ಇಲ್ಲವೆಂದು ಯಾರೂ ಹೇಳುವಂತಿಲ್ಲ.

ಎರಡನೆಯದು ವಯಸ್ಸಿನ ಪ್ರಮಾಣಪತ್ರ. 13 ವರ್ಷ ಮೀರಿದ ಎಮ್ಮೆಗೆ ವಿನಾಯಿತಿ ಇದೆಯೆಂದು ಮೇಲೆ ಬರೆದಿದ್ದಾರೆ. ನಾವು ವಯಸ್ಸು ನೋಡುವುದು ಹಲ್ಲಿನಿಂದ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಐದು ವರ್ಷದ ಹೊತ್ತಿಗೆ ಬಾಯಿಗೂಡುತ್ತದೆ. ಅಲ್ಲಿಂದಾಚೆಗೆ ಹಲ್ಲಿನ ಸವೆತ, ಕೊಂಬಿನ ಉಂಗುರ ನೋಡಿ ಅಂದಾಜು ಹೇಳಬಹುದೇ ಹೊರತು ಇದಕ್ಕೆ 12, ಇದಕ್ಕೆ 13 ಎಂದು ಯಾವ ವೈದ್ಯರೂ ಖಚಿತವಾಗಿ ಹೇಳಲಾರರು. ಜೈಲಿನ ಭಯವಿರುವ ಕಾಗದಕ್ಕೆ ಅಂದಾಜಿನ ಮೇಲೆ ಸಹಿ ಹಾಕಲು ಅಧಿಕಾರಿಗಳು ಹಿಂಜರಿಯುವುದು ಸಹಜ. ಹೀಗಾಗಿ ಕಾಯ್ದೆ ಕೊಟ್ಟ ವಿನಾಯಿತಿಯೂ ಎಮ್ಮೆ ಸಾಕುವವನ ಕೈಗೆ ಸುಲಭವಾಗಿ ಎಟುಕುವುದಿಲ್ಲ. ಕಿವಿಯೋಲೆ ಹಾಕುವಾಗಲೇ ಹುಟ್ಟಿದ ದಿನವನ್ನು ದಾಖಲಿಸಿಕೊಂಡು ಬಂದರೆ ಮುಂದಿನ ಪೀಳಿಗೆಯ ಎಮ್ಮೆಗಳಿಗಾದರೂ ಈ ತೊಡಕು ತಪ್ಪುತ್ತದೆ.

ಹೋರಿ ಕರುಗಳ ಬಗ್ಗೆ: ಹೆಣ್ಣು ಕರುವೇ ಹುಟ್ಟುವಂತೆ ಲಿಂಗ ವಿಂಗಡಿಸಿದ ವೀರ್ಯದ ಕಡ್ಡಿ ಈಗ ದೊರೆಯುತ್ತದೆ, ನೂರಕ್ಕೆ ತೊಂಬತ್ತರಷ್ಟು ಹೆಣ್ಣು ಕರುವೇ ಆಗುತ್ತದೆ. ಆದರೆ ಸಾಮಾನ್ಯ ಕಡ್ಡಿಗಿಂತ ಅದರಲ್ಲಿ ಗಬ್ಬ ನಿಲ್ಲುವ ಪ್ರಮಾಣ ಸ್ವಲ್ಪ ಕಡಿಮೆ, ಬೆಲೆ ಹೆಚ್ಚು. ಕಡಸುಗಳಿಗೆ ಮತ್ತು ಮೊದಲ ಸೂಲಿನ ಹಸುಗಳಿಗೆ ಕೊಟ್ಟರೆ ಫಲ ಒಳ್ಳೆಯದು. ಸಂಘಗಳು ಇದನ್ನು ಸಹಾಯಧನದಲ್ಲಿ ಎಲ್ಲ ಸದಸ್ಯರಿಗೂ ಕೊಡಿಸಲು ಒತ್ತಾಯಿಸಬೇಕು. ಆ ಕಣ್ಣಿಯಲ್ಲಿ ಒಣಗುವ ಕರುಗಳ ಸಂಖ್ಯೆ ಇದರಿಂದಲೇ ಕಡಿಮೆಯಾಗಬೇಕು.

ಹಿರಿಯೂರಿನ ಹೈನುಗಾರ:

ಯಜಮಾನರು ಹೇಳಿದ ವಿಮೆಯ ವಿಷಯವನ್ನೇ ನಾನು ಹಿಡಿದುಕೊಳ್ಳುತ್ತೇನೆ. ರೋಗದಿಂದ ಸತ್ತ ಹಸುವಿಗೆ ಹಣ ಕೊಡಲು ಸಾಧ್ಯವಾದರೆ, ಸಾಯದೆ ಕೊಟ್ಟಿಗೆಯಲ್ಲಿ ನಿಂತಿರುವ ಹಸುವಿಗೂ ಸಾಧ್ಯ. ಹತ್ತು ವರ್ಷ ದಾಟಿದ, ಕಿವಿಯೋಲೆಯಿರುವ ಪ್ರತಿಯೊಂದು ಹಸು ಮತ್ತು ಎತ್ತಿಗೆ, ಅದು ಬದುಕಿರುವವರೆಗೆ, ದತ್ತು ಯೋಜನೆಯ ದರವಾದ ವರ್ಷಕ್ಕೆ 11 ಸಾವಿರ ರೂಪಾಯಿಯನ್ನಾದರೂ ಸಾಕುವವನ ಖಾತೆಗೆ ನೇರವಾಗಿ ಹಾಕಬೇಕು. ಹಾಲಿನ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿಯಂತೆ ಅದೇ ಖಾತೆಗೆ ಬರುವುದರಿಂದ ಹೊಸ ವ್ಯವಸ್ಥೆಯೂ ಬೇಕಾಗಿಲ್ಲ. ಮೇವಿನ ಪೂರ್ತಿ ಖರ್ಚು ಇದರಿಂದ ಹುಟ್ಟದು, ಆದರೆ ಓಲೆ ಕತ್ತರಿಸಿ ರಾತ್ರಿ ಬಿಟ್ಟು ಬರುವ ಕೈಯನ್ನು ಇದು ತಡೆಯಬಹುದು. ಇದನ್ನು ಕೊಡಲಾಗದೆಂದು ಸರ್ಕಾರ ಹೇಳುವುದಾದರೆ, 1964ರ ಕಾಯ್ದೆಯಲ್ಲಿದ್ದಂತೆ ಮುದಿ ಎತ್ತು, ಹೋರಿಗಳಿಗೆ ಇದ್ದ ಅವಕಾಶವನ್ನಾದರೂ ಹಿಂದಿರುಗಿಸಬೇಕು. ಎರಡೂ ಇಲ್ಲವೆನ್ನುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಜಗಳೂರಿನ ಅಕ್ಕನವರೇ, ಶಿವಮೊಗ್ಗವೂ ಸೇರಿ ನಮ್ಮ ಮೂರು ಜಿಲ್ಲೆಗಳ ಹಾಲು ಒಕ್ಕೂಟದ ವಾರ್ಷಿಕ ಸಭೆಗೆ ಮೊದಲು ಸಂಘಗಳಿಂದ ಠರಾವು ಕಳುಹಿಸಬಹುದೇ? ನಮ್ಮ ಸಂಘದಲ್ಲಿ ಬರೆದುಕೊಡಲು ನಾನು ಸಿದ್ಧನಿದ್ದೇನೆ.

ಹಾಲಿನ ಸಂಘದ ಕಾರ್ಯದರ್ಶಿ, ಜಗಳೂರು ತಾಲ್ಲೂಕು:

ಕಳುಹಿಸಬಹುದು ಅಣ್ಣ. ಆಡಳಿತ ಮಂಡಳಿಯ ಸಭೆಯಲ್ಲಿ ಠರಾವು ಮಾಡಿ, ನಡಾವಳಿಯ ಪ್ರತಿಯನ್ನು ಲಗತ್ತಿಸಬೇಕು. ಅದರ ಜೊತೆಗೆ ಪ್ರತಿ ಸಂಘವೂ ಹತ್ತು ವರ್ಷ ದಾಟಿದ ದನಗಳ ಓಲೆ ಸಂಖ್ಯೆಯ ಪಟ್ಟಿ ಮಾಡಿಕೊಂಡರೆ ನಮ್ಮ ಮಾತಿಗೆ ತೂಕ ಬರುತ್ತದೆ. ದನ ಬತ್ತಿದ್ದರಿಂದ ಹಾಲು ಹಾಕುವುದನ್ನು ನಿಲ್ಲಿಸಿದ ಹೆಂಗಸರ ಹೆಸರನ್ನೂ ಆ ಪಟ್ಟಿಯಲ್ಲಿ ಸೇರಿಸಿ. ಅವರು ಈಗ ಸದಸ್ಯರಲ್ಲವೆಂದು ಬಿಡಬೇಡಿ. ನಮ್ಮ ಸಂಘದ ಪಟ್ಟಿಯನ್ನು ಈ ವಾರದ ಬಟವಾಡೆಯ ದಿನದಿಂದಲೇ ಬರೆಯಲು ಶುರು ಮಾಡುತ್ತೇನೆ.